ಎಣಿಕೆಗೆ ಸಿಕ್ಕುವ ‘ನಾನು’

‘ನಾನು ಯಾರು?’ ಎಂಬುದು ನಮ್ಮ ದೇಶಕ್ಕೆ ಹಳೆಯ ಪ್ರಶ್ನೆ. ಉಪನಿಷತ್ತುಗಳ ಕಾಲದಿಂದ ಜ್ಞಾನಿಗಳು ಅದನ್ನು ಏಕಾಂತದಲ್ಲಿ ಕುಳಿತು ತಮಗೆ ತಾವೇ ಕೇಳಿಕೊಂಡರು. ಹೆಸರು, ಕುಲ, ಊರುಗಳನ್ನು ಒಂದೊಂದಾಗಿ ಕಳಚಿಟ್ಟ ಮೇಲೆ ಉಳಿಯುವುದೇನೆಂದು ಹುಡುಕಿದರು. ಆಧುನಿಕ ಸರ್ಕಾರ ಇದೇ ಪ್ರಶ್ನೆಯನ್ನು ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು ಕೇಳುತ್ತದೆ. ಆದರೆ ಅದರ ಕ್ರಮ ತದ್ವಿರುದ್ಧವಾದದ್ದು. ಜ್ಞಾನಿಗಳು ಕಳಚಿಟ್ಟದ್ದನ್ನೆಲ್ಲ ಅದು ಮತ್ತೆ ಒಂದೊಂದಾಗಿ ಬರೆದುಕೊಳ್ಳುತ್ತದೆ.

ನಮ್ಮ ಹಿರಿಯರು ಖಾನೇಷುಮಾರಿ ಎಂದು ಕರೆಯುತ್ತಿದ್ದ ಜನಗಣತಿಯಲ್ಲಿ ಎಲ್ಲರ ಜಾತಿಯನ್ನೂ ಬರೆದುಕೊಳ್ಳಬೇಕೆಂದು ಕೇಂದ್ರ ಸರ್ಕಾರ 2025ರ ಏಪ್ರಿಲ್ 30ರಂದು ತೀರ್ಮಾನಿಸಿತು. ಅದೇ ವರ್ಷದ ಜೂನ್ 16ರ ಅಧಿಸೂಚನೆಯು, ಹಿಮ ಬೀಳುವ ಕೆಲವು ಪ್ರದೇಶಗಳ ಹೊರತು ಉಳಿದೆಡೆಗೆಲ್ಲ 2027ರ ಮಾರ್ಚ್ 1ನ್ನು ಗಣತಿಯ ದಿನವೆಂದು ಗೊತ್ತುಮಾಡಿತು. ಎಲ್ಲ ಜಾತಿಗಳ ಅಂಕಿ ಅಂಶಗಳು ಜನಗಣತಿಯ ವರದಿಯಲ್ಲಿ ಪ್ರಕಟವಾದದ್ದು 1931ಕ್ಕೇ ಕೊನೆ. ಸ್ವತಂತ್ರ ಭಾರತದ ಗಣತಿಗಳು 1951ರಿಂದ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳನ್ನು ಮಾತ್ರ ಬೇರೆಯಾಗಿ ಎಣಿಸುತ್ತ ಬಂದವು. ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ 2025ರ ಸೆಪ್ಟೆಂಬರ್ 22ರಂದು ಆರಂಭವಾಯಿತು. ಅರವತ್ತು ಪ್ರಶ್ನೆಗಳ ಪಟ್ಟಿ ಹಿಡಿದು ಮನೆಮನೆಗೆ ಹೋದವರಲ್ಲಿ ಬಹುಮಂದಿ ಶಾಲಾ ಶಿಕ್ಷಕರು. ಈ ಪುಟವನ್ನೋದುವ ಅಧ್ಯಾಪಕ ಮಿತ್ರರಲ್ಲಿಯೂ ಕೆಲವರು ಆ ಕೆಲಸ ಮಾಡಿರಬಹುದು.

ಆ ಸಮೀಕ್ಷೆಯ ಮುನ್ನಾದಿನಗಳಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಸಂಗತಿಯೊಂದಿದೆ. ಪ್ರಶ್ನೆ ಮನೆಗೆ ಬರುವ ಮೊದಲೇ ಉತ್ತರ ಸಭೆಗಳಲ್ಲಿ ಸಿದ್ಧವಾಗುತ್ತಿತ್ತು. ಧರ್ಮದ ಅಂಕಣದಲ್ಲಿ ‘ಹಿಂದೂ’ ಎಂದು ಬರೆಸಬೇಕೆ, ‘ಲಿಂಗಾಯತ’ ಎಂದೆ, ‘ವೀರಶೈವ-ಲಿಂಗಾಯತ’ ಎಂದೆ ಎಂಬ ಚರ್ಚೆ ಒಂದೆಡೆ. ಉಪಜಾತಿಯ ಹೆಸರು ಮುಂದಿರಬೇಕೆ, ಮೂಲ ಜಾತಿಯ ಹೆಸರು ಮುಂದಿರಬೇಕೆ ಎಂಬ ಚರ್ಚೆ ಇನ್ನೊಂದೆಡೆ. ಜಾತಿಗಳ ಪಟ್ಟಿಯಲ್ಲಿ ಕೆಲವು ಹಿಂದೂ ಜಾತಿಗಳ ಹೆಸರಿನೊಡನೆ ‘ಕ್ರೈಸ್ತ’ ಎಂಬ ಪದ ಸೇರಿದ್ದುದು ಬೇರೆಯೇ ವಿವಾದವಾಯಿತು. ಸಂಗತಿ ನ್ಯಾಯಾಲಯಕ್ಕೂ ಹೋಗಿ, ಉತ್ತರ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು, ಕೊಟ್ಟ ವಿವರಗಳು ಗೋಪ್ಯವಾಗಿರತಕ್ಕದ್ದು ಎಂದು ರಾಜ್ಯದ ಉಚ್ಚ ನ್ಯಾಯಾಲಯ ಸೆಪ್ಟೆಂಬರ್ 25ರಂದು ಮಧ್ಯಂತರ ಆದೇಶವಿತ್ತಿತು. ‘ನೀವು ಯಾರು?’ ಎಂದು ಕೇಳಿದ್ದು ಒಬ್ಬೊಬ್ಬರನ್ನು. ಉತ್ತರವನ್ನು ನಿಶ್ಚಯಿಸಲು ಹೊರಟದ್ದು ಸಮುದಾಯ. ವ್ಯಕ್ತಿಯ ಸ್ವಂತಿಕೆಯನ್ನು ಸಮಾಜ ರೂಪಿಸುತ್ತದೆಂಬ ಮಾತನ್ನು ಪುಸ್ತಕಗಳಲ್ಲಿ ಓದಿದ್ದೇವೆ. ಅದು ನಮ್ಮ ಕಣ್ಣೆದುರಿಗೇ ನಡೆಯಿತು.

ಇದು ಹೊಸದೇನಲ್ಲ. ಭಾರತದಾದ್ಯಂತ ಏಕಕಾಲದ ಜನಗಣತಿ ಮೊದಲಾದದ್ದು 1881ರಲ್ಲಿ. 1901ರ ಗಣತಿಯ ಮುಖ್ಯಾಧಿಕಾರಿಯಾಗಿದ್ದ ರಿಸ್ಲಿ ಎಂಬ ಆಂಗ್ಲನು ಜಾತಿಗಳನ್ನು ಸಾಮಾಜಿಕ ಅಂತಸ್ತಿನ ಮೇರೆಗೆ ಮೇಲಿನಿಂದ ಕೆಳಕ್ಕೆ ಜೋಡಿಸಹೊರಟನು. ಪರಿಣಾಮವಾಗಿ ತಮ್ಮ ಹೆಸರನ್ನು ಬದಲಿಸಬೇಕು, ತಮ್ಮನ್ನು ಮೇಲಿನ ವರ್ಣದಲ್ಲಿ ಸೇರಿಸಬೇಕು ಎಂಬ ಅರ್ಜಿಗಳು ಎಲ್ಲೆಡೆಯಿಂದ ಬಂದವು. 1911ರಲ್ಲಿ ಬಂಗಾಳವೊಂದರಲ್ಲೇ ಇಂಥ ಅರ್ಜಿಗಳ ತೂಕ ಒಂದೂವರೆ ಮಣವಾಯಿತೆಂದು ಅಲ್ಲಿನ ಗಣತಿಯ ಅಧಿಕಾರಿ ದಾಖಲಿಸಿದ್ದಾನೆ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ‘ಸಂಸ್ಕೃತೀಕರಣ’ವೆಂದು ಹೆಸರಿಟ್ಟ ಪ್ರವೃತ್ತಿಗೆ ಈ ಗಣತಿಗಳು ಒಳ್ಳೆಯ ಇಂಬನ್ನು ಕೊಟ್ಟವು. ಅದುವರೆಗೆ ಒಬ್ಬ ಮನುಷ್ಯ ಸಂತೆಯಲ್ಲಿ ಒಂದು ಊರಿನವನು, ಹೊಲದಲ್ಲಿ ಒಬ್ಬ ಒಕ್ಕಲು, ಮದುವೆಯ ಮನೆಯಲ್ಲಿ ಒಂದು ಬಳಿಯವನು, ಜಾತ್ರೆಯಲ್ಲಿ ಒಂದು ದೇವರ ಒಕ್ಕಲಿನವನು. ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತಿದ್ದ ಈ ಗುರುತುಗಳಲ್ಲಿ ಒಂದನ್ನು ಆರಿಸಿ, ಎಲ್ಲ ಕಾಲಕ್ಕೂ ಎಲ್ಲ ಸ್ಥಳಕ್ಕೂ ಇದೇ ನೀನು ಎಂದು ನಮೂನೆ ಹೇಳಿತು.

ನಾವು ಹೇಳಿದ್ದೆಲ್ಲ ಹೇಳಿದಂತೆಯೇ ಉಳಿಯುತ್ತದೆಂದೂ ಇಲ್ಲ. ಮಾತೃಭಾಷೆಯ ಲೆಕ್ಕವನ್ನೇ ನೋಡಿ. 2011ರ ಗಣತಿಯಲ್ಲಿ ಜನ ತಮ್ಮ ಮಾತೃಭಾಷೆಯೆಂದು ಬರೆಸಿದ ಹೆಸರುಗಳು 19,569. ಪರಿಶೀಲನೆಯಾದ ಮೇಲೆ ಅವು 1,369 ಆದವು. ಹತ್ತು ಸಾವಿರಕ್ಕೆ ಕಡಮೆಯಿಲ್ಲದಷ್ಟು ಜನ ಆಡುವ ಭಾಷೆಗಳನ್ನು ವಿಂಗಡಿಸಿ ನಿಲ್ಲಿಸಿದಾಗ ಉಳಿದವು 121. ಆಡಳಿತಕ್ಕೆ ಇಂಥ ಸೋಸುವಿಕೆ ಅನಿವಾರ್ಯವೆಂಬುದು ಸರಿಯೆ. ಆದರೆ ತಾನು ತಾಯಿಯ ಬಾಯಿಂದ ಕಲಿತ ನುಡಿಗೆ ಒಂದು ಹೆಸರು ಹೇಳಿದವನು ವರದಿಯಲ್ಲಿ ಇನ್ನೊಂದು ಹೆಸರಿನಡಿಯಲ್ಲಿ ಸೇರಿಹೋಗಿರುತ್ತಾನೆ.

ಕೂಲಿ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞನು 1902ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಇತರರ ಕಣ್ಣಿನಲ್ಲಿ ನಾವು ಹೇಗೆ ಕಾಣುತ್ತೇವೆಂದು ಊಹಿಸಿಕೊಂಡೇ ‘ನಾನು’ ಎಂಬ ಭಾವನೆಯನ್ನು ಕಟ್ಟಿಕೊಳ್ಳುತ್ತೇವೆ ಎಂದು ವಾದಿಸಿದನು. ಸಮಾಜವನ್ನು ಕನ್ನಡಿಗೆ ಹೋಲಿಸಿದನು. ಹೋಲಿಕೆ ಸೊಗಸಾಗಿದೆ. ಆದರೆ ನಮ್ಮ ದೇಶದಲ್ಲಿ ಈ ಕನ್ನಡಿ ಎಲ್ಲರ ಮುಂದೆಯೂ ಒಂದೇ ಹೊತ್ತು ನಿಲ್ಲುವುದಿಲ್ಲ. ಕೆಲವರ ಮುಂದೆ ಅದು ಬಂದು ಹೋಗುತ್ತದೆ; ಕೆಲವರ ಮುಂದಿನಿಂದ ಅದು ಕದಲುವುದೇ ಇಲ್ಲ.

‘ನನಗೆ ಜಾತಿಯಿಲ್ಲ, ನಾನು ಅದನ್ನು ಮರೆತಿದ್ದೇನೆ’ ಎನ್ನುವ ಸಜ್ಜನರನ್ನು ನಾನು ಬಲ್ಲೆ. ಅವರ ಪ್ರಾಮಾಣಿಕತೆಯಲ್ಲಿ ನನಗೆ ಸಂದೇಹವಿಲ್ಲ. ಆದರೆ ಮರೆಯುವ ಈ ಸೌಕರ್ಯ ಅವರಿಗೆ ಎಲ್ಲಿಂದ ಬಂತೆಂದು ಕೇಳಬೇಕಾಗಿದೆ. ಮೂರು ತಲೆಮಾರಿನ ಅಕ್ಷರ, ಅಜ್ಜನ ಕಾಲದ ಜಮೀನು, ಪಟ್ಟಣದಲ್ಲಿ ಚಿಕ್ಕಪ್ಪನ ಮನೆ, ಕಚೇರಿಯಲ್ಲಿ ಪರಿಚಯದವರೊಬ್ಬರು — ಇವನ್ನೆಲ್ಲ ಜಾತಿ ಅವರ ಮನೆಗೆ ತಂದಿಟ್ಟಿತು. ಈಗ ಆ ಹೆಸರನ್ನು ಬಿಟ್ಟರೂ ಅವರಿಗೆ ನಷ್ಟವಿಲ್ಲ, ಗಳಿಕೆ ಮನೆಯಲ್ಲಿಯೇ ಇದೆ. ಇನ್ನೊಬ್ಬನು ಮರೆಯಬೇಕೆಂದು ಎಷ್ಟು ಬಯಸಿದರೂ ಮರೆಯಲಾರ. ಏಕೆಂದರೆ ಅವನ ಪರವಾಗಿ ಉಳಿದವರು ನೆನಪಿಟ್ಟುಕೊಂಡಿರುತ್ತಾರೆ. ಪಟ್ಟಣಕ್ಕೆ ಬಂದು ಬಾಡಿಗೆ ಮನೆ ಕೇಳಿದರೆ ಮೊದಲು ಊರು ಯಾವುದೆಂಬ ಪ್ರಶ್ನೆ, ಅನಂತರ ತಂದೆಯ ಹೆಸರೇನೆಂಬ ಪ್ರಶ್ನೆ, ಅಷ್ಟಕ್ಕೂ ತಿಳಿಯದಿದ್ದರೆ ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆ. ಮತವನ್ನು ಬದಲಿಸಿದರೂ ನೆರೆಯವರು ಹಿಂದಿನ ಗುರುತನ್ನು ಬಿಡುವುದಿಲ್ಲ. ಕಾನೂನಾದರೋ ಬೇರೆ ಬಗೆಯಲ್ಲಿ ನಡೆದುಕೊಳ್ಳುತ್ತದೆ: 1950ರ ಪರಿಶಿಷ್ಟ ಜಾತಿಗಳ ಆದೇಶ ಮೊದಲು ಹಿಂದೂಗಳಿಗೆ ಸೀಮಿತವಾಗಿದ್ದು, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು, ಕ್ರೈಸ್ತರಾದವರನ್ನೂ ಮುಸಲ್ಮಾನರಾದವರನ್ನೂ ಅದು ಒಳಗೊಳ್ಳಲಿಲ್ಲ. ಬೀದಿ ನೆನಪಿಟ್ಟುಕೊಂಡದ್ದನ್ನು ಕಡತ ಮರೆಯಿತು.

ಒಂದು ಶಾಲೆಯ ತರಗತಿಯಲ್ಲಿ ನಾನು ಕಂಡದ್ದನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗದು. ವಿದ್ಯಾರ್ಥಿವೇತನದ ಅರ್ಜಿಗಳು ಬಂದಿದ್ದವು. ಪರಿಶಿಷ್ಟ ಜಾತಿಯ ಮಕ್ಕಳು ಎದ್ದು ನಿಲ್ಲಬೇಕೆಂದು ಉಪಾಧ್ಯಾಯರು ಹೇಳಿದರು. ಅವರ ಉದ್ದೇಶ ಒಳ್ಳೆಯದೇ. ಮಕ್ಕಳಿಗೆ ಹಣ ತಪ್ಪಬಾರದೆಂಬ ಕಾಳಜಿಯೇ. ನಾಲ್ವರು ಎದ್ದರು. ಐದನೆಯ ಹುಡುಗನೊಬ್ಬ ಅರ್ಧ ಎದ್ದು, ಪಕ್ಕದ ಗೆಳೆಯನ ಮುಖ ನೋಡಿ, ಕುಳಿತುಬಿಟ್ಟ. ಆ ಗಳಿಗೆಯಲ್ಲಿ ಆತನಿಗೆ ತಾನು ಯಾರೆಂಬುದು ತಿಳಿಯಿತೆನ್ನುವುದಕ್ಕಿಂತ, ಗೆಳೆಯನ ಕಣ್ಣಿನಲ್ಲಿ ತಾನು ಏನಾಗಿಬಿಡುವೆನೆಂಬುದು ತಿಳಿಯಿತು. ನ್ಯಾಯವಾಗಿ ತನಗೆ ಸಲ್ಲಬೇಕಾದ ಹಣ ಬೇಡವೆನ್ನುವಷ್ಟು ಭಾರ ಆ ನೋಟಕ್ಕಿತ್ತು. ಅರ್ಜಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಕೊಟ್ಟಿದ್ದರೆ ಸಾಕಾಗಿತ್ತು. ಆ ಹುಡುಗನನ್ನು ಕಾಡಿದ್ದು ಅರ್ಜಿಯಲ್ಲಿದ್ದ ಪ್ರಶ್ನೆಯಲ್ಲ. ಆ ಪ್ರಶ್ನೆಯನ್ನು ಕೇಳಿದ ರೀತಿ.

ಜಾತಿಯನ್ನು ಎಣಿಸಿದರೆ ಜಾತಿ ಬಲಿಯುತ್ತದೆಂದು ಹೇಳುವವರ ವಾದವನ್ನು ಈ ಬೆಳಕಿನಲ್ಲಿ ನೋಡಬೇಕು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. 1901ರ ಅನುಭವ ಅವರ ಪಕ್ಷಕ್ಕಿದೆ. ಆದರೆ 1951ರಿಂದ ಎಲ್ಲರ ಜಾತಿಯನ್ನು ಕೇಳುವುದನ್ನು ಗಣತಿ ನಿಲ್ಲಿಸಿತಲ್ಲ, ಅದರಿಂದ ಜಾತಿ ಸೊರಗಿತೆ? 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಪ್ರಕಾರ ಜಾತಿಯ ಹೊರಗೆ ನಡೆದ ಮದುವೆಗಳು ನೂರಕ್ಕೆ ಸುಮಾರು ಐದು ಮಾತ್ರ. ಗಣತಿದಾರ ಕೇಳದೆ ಬಿಟ್ಟ ಪ್ರಶ್ನೆಯನ್ನು ವಧೂವರರ ಜಾಹೀರಾತು ಕೇಳುತ್ತಲೇ ಬಂತು, ಚುನಾವಣೆಯ ಅಭ್ಯರ್ಥಿಯನ್ನು ಆರಿಸುವ ಪಕ್ಷಗಳು ಕೇಳುತ್ತಲೇ ಬಂದವು. ಸರ್ಕಾರ ಕಣ್ಣು ಮುಚ್ಚಿಕೊಂಡದ್ದರಿಂದ ಆದ ಫಲವಿಷ್ಟೆ: ಯಾರ ಬಳಿ ಎಷ್ಟಿದೆ, ಯಾರ ಮಕ್ಕಳು ಎಲ್ಲಿ ಶಾಲೆ ಬಿಟ್ಟರು ಎಂಬುದಕ್ಕೆ ಲೆಕ್ಕವಿಲ್ಲದೆ ಹೋಯಿತು.

ಹಾಗೆಂದ ಮಾತ್ರಕ್ಕೆ ಎಣಿಕೆಯೊಂದೇ ನ್ಯಾಯವಾಗಿಬಿಡದು. ರಿಸ್ಲಿ ಎಣಿಸಿದ್ದು ಯಾರು ಮೇಲು ಯಾರು ಕೀಳು ಎಂದು ಜೋಡಿಸಲಿಕ್ಕೆ. ಇಂದಿನವರು ಎಣಿಸುವುದು ಯಾರಿಗೆ ಏನು ತಪ್ಪಿಹೋಗಿದೆಯೆಂದು ತಿಳಿಯಲಿಕ್ಕೆ ಎನ್ನುತ್ತಾರೆ. ಈ ವ್ಯತ್ಯಾಸ ನಿಲ್ಲಬೇಕಾದರೆ ಲೆಕ್ಕ ಹೊರಬೀಳಬೇಕು, ಉಪಯೋಗಕ್ಕೂ ಬರಬೇಕು. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ದೇಶದ ಜನ ತಮ್ಮ ಜಾತಿಯನ್ನು ಹೇಳಿದರು. ಆ ಜಾತಿವಾರು ಅಂಕಿಗಳನ್ನು ಕೇಂದ್ರ ಸರ್ಕಾರ ಪ್ರಕಟಿಸಲಿಲ್ಲ. 2015ರಲ್ಲಿ ಕರ್ನಾಟಕದ ಜನ ಮತ್ತೊಮ್ಮೆ ಹೇಳಿದರು. ಅದನ್ನು ಆಧರಿಸಿದ ವರದಿ 2024ರ ಫೆಬ್ರವರಿಯಲ್ಲಿ ಸರ್ಕಾರದ ಕೈಸೇರಿ, 2025ರ ಜೂನ್‌ನಲ್ಲಿ ಹೊಸ ಸಮೀಕ್ಷೆಯ ತೀರ್ಮಾನದೊಡನೆ ಮೂಲೆಗೆ ಸರಿಯಿತು. ತನ್ನ ಗುರುತನ್ನು ಅಪರಿಚಿತನೊಬ್ಬನ ಮುಂದೆ ಬಿಚ್ಚಿ ಹೇಳುವುದು ಎಲ್ಲರಿಗೂ ಸುಲಭವಲ್ಲ. ಕೇಳಿ ಕೇಳಿ ಲೆಕ್ಕವನ್ನು ಒಪ್ಪಿಸದಿದ್ದರೆ, ಹೇಳಿದವನ ಪಾಲಿಗೆ ಸಂಕೋಚವೊಂದೇ ಉಳಿಯುತ್ತದೆ.

1948ರ ಜನಗಣತಿ ಕಾಯಿದೆಯಲ್ಲಿ ನನಗೆ ಹಿಡಿಸಿದ ಒಂದು ಅಂಶವುಂಟು. ಗಣತಿದಾರನ ಪ್ರಶ್ನೆಗೆ ಜನ ತಮಗೆ ತಿಳಿದಮಟ್ಟಿಗೆ ಅಥವಾ ತಾವು ನಂಬಿದಮಟ್ಟಿಗೆ ಉತ್ತರಿಸಬೇಕೆಂಬುದು ಅದರ ನಿಯಮ. ದಾಖಲೆ ತೋರಿಸು ಎಂದು ಅದು ಕೇಳುವುದಿಲ್ಲ. ಮನುಷ್ಯ ತನ್ನನ್ನು ಏನೆಂದು ನಂಬಿಕೊಂಡಿದ್ದಾನೋ ಅದಕ್ಕೆ ಕಾಯಿದೆ ಅಷ್ಟರಮಟ್ಟಿಗೆ ಮನ್ನಣೆ ಕೊಟ್ಟಿದೆ. ಆದುದರಿಂದ ಸಭೆ ಹೇಳಿಕೊಟ್ಟ ಉತ್ತರವನ್ನು ಒಪ್ಪಿಸಬೇಕಾದ ಹಂಗು ಯಾರಿಗೂ ಇಲ್ಲ. ಜಾತಿಯಿಲ್ಲವೆಂದು ಬರೆಸಲು ಬಯಸುವವರು ಹಾಗೆಯೇ ಬರೆಸಲಿ. ಆದರೆ ಬರೆಸುವ ಮುನ್ನ ಅವರು ತಮ್ಮ ತಾತನ ಆಸ್ತಿಪತ್ರವನ್ನೂ ತಂದೆಯ ಓದನ್ನೂ ಒಮ್ಮೆ ನೆನೆಯಲೆಂಬುದು ನನ್ನ ವಿಜ್ಞಾಪನೆ. ತನಗೆ ಜಾತಿ ಏನನ್ನು ಕೊಟ್ಟಿದೆಯೆಂಬುದನ್ನು ಅರಿತು ಅದನ್ನು ಬಿಡುವವನ ಮಾತಿಗೆ ಒಂದು ತೂಕವಿದೆ. ಅರ್ಧ ಎದ್ದು ಕುಳಿತ ಮಕ್ಕಳು ನಿರ್ಭಯವಾಗಿ ತಮ್ಮ ಉತ್ತರ ಹೇಳುವಂಥ ತರಗತಿಗಳನ್ನೂ ಬೀದಿಗಳನ್ನೂ ಕಟ್ಟುವುದು ಮಾತ್ರ ಗಣತಿದಾರನಿಂದಾಗುವ ಕೆಲಸವಲ್ಲ. ಅದು ಉಳಿದ ನಮ್ಮೆಲ್ಲರ ಪಾಲಿನದು.