ಕೂರಲಾಗದ ಆಸನಕ್ಕೆ ತೆತ್ತ ಹಣ

ಟಿಕೆಟ್ಟಿನ ಮೇಲೆ ಅಚ್ಚಾದ ಸಂಖ್ಯೆಯ ಆಸನವು ಮುರಿದಿದ್ದರೆ, ಮಲಿನವಾಗಿದ್ದರೆ, ಅಥವಾ ಅಲ್ಲಿ ಕುಳಿತವನಿಗೆ ಆಟವೇ ಗೋಚರಿಸದಿದ್ದರೆ, ಅವನು ತೆತ್ತ ಹಣವನ್ನು ಮರಳಿಸುವ ಹೊಣೆಯನ್ನು ಕ್ರೀಡಾಸಂಸ್ಥೆಗಳ ಮೇಲೆ ಶಾಸನದ ಮೂಲಕ ಹೊರಿಸಬೇಕೆ? ನಾಗಲಗಿದ್ದದಂತಹ ಊರಿನಲ್ಲಿ ಕುಳಿತು ಈ ಪ್ರಶ್ನೆಯನ್ನು ಎತ್ತುವುದು ಕೆಲವರಿಗೆ ಅಪ್ರಸ್ತುತವೆನಿಸೀತು. ಬೀದರ್ ಸೀಮೆಗೆ ಬೆನ್ನು ಹಚ್ಚಿಕೊಂಡು, ಮನೆಯಲ್ಲಿ ಕನ್ನಡವನ್ನೂ ಕಚೇರಿಯಲ್ಲಿ ತೆಲುಗನ್ನೂ ಆಡಿಕೊಂಡಿರುವ ನಮಗೆ ಹತ್ತಿರದ ದೊಡ್ಡ ಕ್ರೀಡಾಂಗಣವೆಂದರೆ ನೂರು ಕಿಲೋಮೀಟರಿಗೂ ಮಿಕ್ಕಿ ದೂರದ ಹೈದರಾಬಾದಿನದು. ಆದರೆ ಈ ದೂರವೇ ನಮಗೆ ಮಾತನಾಡುವ ಅಧಿಕಾರವನ್ನು ಕೊಡುತ್ತದೆ. ನಗರವಾಸಿಯು ಆಸನ ಸರಿಯಿಲ್ಲವೆಂದು ಬೇಸತ್ತು ಅರ್ಧ ಗಂಟೆಯಲ್ಲಿ ಮನೆ ಸೇರಬಲ್ಲನು. ನಮ್ಮವನಾದರೋ ಕೊನೆಯ ಬಸ್ಸು ತಪ್ಪಿದರೆ ರಾತ್ರಿಯೆಲ್ಲ ನಿಲ್ದಾಣದ ಕಟ್ಟೆಯ ಮೇಲೆ ಬೆಳಗನ್ನು ಕಾಯಬೇಕು.

ಪರ

ಕೆಲವು ವರ್ಷಗಳ ಹಿಂದೆ ನನ್ನ ಅಣ್ಣನ ಮಗನೊಡನೆ ಒಂದು ಮಹಾನಗರದ ಕ್ರೀಡಾಂಗಣಕ್ಕೆ ಹೋಗಿದ್ದೆನು. ಅದು ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಸೋಯಾ ರಾಶಿಯಾದ ಮೇಲೆ ಕೈಗೆ ಬಂದ ಹಣದಲ್ಲಿ ಹುಡುಗನು ಎರಡು ಟಿಕೆಟ್ಟುಗಳನ್ನು ಕೊಂಡಿದ್ದನು. ಮೆಟ್ಟಿಲುಗಳನ್ನೇರಿ, ಸಂಖ್ಯೆಗಳನ್ನು ಒಂದೊಂದಾಗಿ ಎಣಿಸುತ್ತ ಹೋಗಿ ನಮ್ಮ ಸ್ಥಾನವನ್ನು ತಲಪಿದಾಗ, ನನ್ನ ಪಾಲಿನ ಪ್ಲಾಸ್ಟಿಕ್ ಕುರ್ಚಿಯ ಬೆನ್ನು ಬುಡದಿಂದಲೇ ಮುರಿದುಹೋಗಿ, ತುಕ್ಕು ಹಿಡಿದ ಎರಡು ಬೋಲ್ಟುಗಳು ಮೇಲ್ಮುಖವಾಗಿ ನಿಂತಿದ್ದವು. ಅವನದರ ಮೇಲೆ ಧೂಳೂ ಪಾರಿವಾಳಗಳ ಹಿಕ್ಕೆಯೂ ಬೆರೆತು ಗಟ್ಟಿಯಾದ ಒಂದು ಪದರವಿತ್ತು. “ಕಾಕಾ, ಇದರ ಮ್ಯಾಲ ಹ್ಯಾಂಗ ಕುಂಡ್ರಾದು?” ಎಂದು ಅವನು ಕೇಳಿದನು. ಹೆಗಲ ಮೇಲಿನ ವಲ್ಲಿಯನ್ನು ಅವನ ಕುರ್ಚಿಗೆ ಹಾಸಿಕೊಟ್ಟು, ನಾನು ಆ ಸಂಜೆಯ ಬಹುಭಾಗವನ್ನು ನಿಂತೇ ಕಳೆದೆನು. ಹಿಂದಿನ ಸಾಲಿನವರು ಕೂಡೆಂದು ಕೂಗಿದಾಗಲೆಲ್ಲ ಮೆಟ್ಟಿಲಿನ ಅಂಚಿಗೆ ಸರಿಯುತ್ತಿದ್ದೆನು. ದೂರನ್ನು ಯಾರಿಗೆ ಕೊಡಬೇಕೆಂದು ಕೇಳಿದುದಕ್ಕೆ ಬಾಗಿಲಿನ ಕಾವಲುಗಾರನು, ಪಾಪ, ತನಗೂ ತಿಳಿಯದೆಂದು ಕೈಯಾಡಿಸಿದನು.

ಇದು ಒಬ್ಬನ ದುರದೃಷ್ಟವೆಂದು ತಳ್ಳಿಹಾಕುವಂತಿಲ್ಲ. 2023ರ ಕ್ರಿಕೆಟ್ ವಿಶ್ವಕಪ್ ಪಂದ್ಯಗಳು ಹೈದರಾಬಾದಿನ ಉಪ್ಪಲ್‌ನ ರಾಜೀವ್ ಗಾಂಧಿ ಅಂತರರಾಷ್ಟ್ರೀಯ ಕ್ರೀಡಾಂಗಣದಲ್ಲಿ ಆರಂಭವಾದಾಗ, ಹಕ್ಕಿಗಳ ಹಿಕ್ಕೆಯಿಂದ ಮಲಿನವಾಗಿದ್ದ ಅಲ್ಲಿನ ಆಸನಗಳ ಚಿತ್ರಗಳು ದೇಶದಾದ್ಯಂತ ಹರಡಿದುವು. 2009ರ ನವೆಂಬರ್ 5ರಂದು ಸಚಿನ್ ತೆಂಡೂಲ್ಕರರು ಆಸ್ಟ್ರೇಲಿಯದ ವಿರುದ್ಧ 175 ಓಟಗಳನ್ನು ಗಳಿಸಿಯೂ ಭಾರತವು 3 ಓಟಗಳಿಂದ ಸೋತ ಅಂಗಳವದು. ಆ ರಾತ್ರಿಯ ಆಟವನ್ನು ಕಣ್ಣಾರೆ ಕಂಡವರು ನಮ್ಮ ಸೀಮೆಯಲ್ಲಿ ಇಂದಿಗೂ ಅದನ್ನು ಎಸೆತ ಎಸೆತವಾಗಿ ವರ್ಣಿಸುವರು. ಇಂತಹ ಸ್ಮೃತಿಗಳನ್ನು ಹೊತ್ತ ಸ್ಥಳದಲ್ಲಿ ಒಂದು ಒದ್ದೆ ಬಟ್ಟೆಯಿಂದ ಕುರ್ಚಿಗಳನ್ನು ಒರೆಸುವ ವ್ಯವಸ್ಥೆಯಾಗದಿದ್ದುದು ದ್ರವ್ಯಾಭಾವದಿಂದಲ್ಲ. ಐಪಿಎಲ್ ಪಂದ್ಯಾವಳಿಯ 2023ರಿಂದ 2027ರವರೆಗಿನ ಪ್ರಸಾರದ ಹಕ್ಕುಗಳು 48,390 ಕೋಟಿ ರೂಪಾಯಿಗಳಿಗೆ ಮಾರಾಟವಾದುವು. ರೋಗದ ಮೂಲವೂ ಇಲ್ಲಿಯೇ ಇರುವುದೆಂದು ನಾನು ಭಾವಿಸುತ್ತೇನೆ: ಬಾಗಿಲಿನಲ್ಲಿ ಸಂಗ್ರಹವಾಗುವ ಹಣದ ಮೇಲೆಯೇ ಕ್ರೀಡಾಸಂಸ್ಥೆಯು ಬದುಕಬೇಕಾಗಿದ್ದ ಕಾಲದಲ್ಲಿ ಪ್ರೇಕ್ಷಕನು ಅದರ ಅನ್ನದಾತನಾಗಿದ್ದನು, ಈಗ ಅವನು ದೂರದರ್ಶನದ ಚಿತ್ರದ ಹಿನ್ನೆಲೆಯನ್ನು ತುಂಬುವ ಜನಸ್ತೋಮ ಮಾತ್ರನಾಗಿದ್ದಾನೆ. ಅವನ ಹಣಕ್ಕೆ ತೂಕವನ್ನು ಮರಳಿ ತರಬೇಕಾದರೆ, ಅದು ಕೈತಪ್ಪಿ ಹೋಗಬಹುದೆಂಬ ಭಯವನ್ನು ಸಂಸ್ಥೆಗಳಲ್ಲಿ ಹುಟ್ಟಿಸದೆ ಅನ್ಯ ಮಾರ್ಗವಿಲ್ಲ.

ಪ್ರೇಕ್ಷಕನು ತೆರುವುದಾದರೂ ಅಲ್ಪವೇ? 2025ರ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್ಟಿನ ಮೇಲಿನ ತೆರಿಗೆಯು ಶೇಕಡಾ 28ರಿಂದ 40ಕ್ಕೆ ಏರಿತು. ಸಾವಿರ ರೂಪಾಯಿಯ ಆಸನಕ್ಕೆ ಸಾವಿರದ ನಾನೂರು ಕೊಡಬೇಕು. ಭೋಗವಸ್ತುವೆಂದು ತೆರಿಗೆ ವಿಧಿಸಿದ ಮೇಲೆ, ಕನಿಷ್ಠ ಪಕ್ಷ ಕುಳಿತುಕೊಳ್ಳುವ ಭೋಗವಾದರೂ ಅವನಿಗೆ ಲಭಿಸಬೇಡವೆ?

ಇದಕ್ಕೆ ಪ್ರತಿಯಾಗಿ, ಹಣ ಕೊಡದವರ ವಿಷಯದಲ್ಲಿ ಈ ಸಂಸ್ಥೆಗಳು ತೋರುವ ಆಸಕ್ತಿಯನ್ನು ನೋಡಿರಿ. 2018ರಲ್ಲಿ ಭಾರತ ಮತ್ತು ವೆಸ್ಟ್ ಇಂಡೀಸ್ ತಂಡಗಳ ಒಂದು ಪಂದ್ಯವು ಇಂದೋರಿನಿಂದ ವಿಶಾಖಪಟ್ಟಣಕ್ಕೆ ಸ್ಥಳಾಂತರಗೊಂಡಿತು. ಉಚಿತ ಪಾಸುಗಳ ಹಂಚಿಕೆಯ ವಿಷಯದಲ್ಲಿ ರಾಜ್ಯಸಂಸ್ಥೆಗೂ ರಾಷ್ಟ್ರೀಯ ಮಂಡಳಿಗೂ ಒಮ್ಮತವಾಗದಿದ್ದುದೇ ಅದರ ಕಾರಣ. 2025ರಲ್ಲಿ ಹೈದರಾಬಾದಿನ ಐಪಿಎಲ್ ತಂಡದವರು, ಹೆಚ್ಚಿನ ಉಚಿತ ಟಿಕೆಟ್ಟುಗಳಿಗಾಗಿ ಕ್ರಿಕೆಟ್ ಸಂಸ್ಥೆಯು ತಮ್ಮನ್ನು ಪೀಡಿಸುತ್ತಿದೆಯೆಂದು ಆರೋಪಿಸಿ ಪತ್ರ ಬರೆದರು. ಸಂಸ್ಥೆಯು ಅದನ್ನು ಅಲ್ಲಗಳೆಯಿತು. ತೆಲಂಗಾಣ ಸರಕಾರವು ವಿಜಿಲೆನ್ಸ್ ತನಿಖೆಗೆ ಆದೇಶಿಸಿತು. ಸತ್ಯಾಸತ್ಯವು ಏನೇ ಇರಲಿ, ಇಷ್ಟು ದೊಡ್ಡ ಜಗಳವು ಹಣ ಕೊಟ್ಟವನ ಮುರಿದ ಕುರ್ಚಿಗಾಗಿ ನಡೆದ ನಿದರ್ಶನವನ್ನು ನಾನು ಕಂಡಿಲ್ಲ.

ನಮ್ಮ ಸೀಮೆಯ ಜಾತ್ರೆಗಳ ಕುಸ್ತಿಯನ್ನು ನೆನೆಯುತ್ತೇನೆ. ಹುಡುಗರ ತೆಂಗಿನಕಾಯಿಯ ಕುಸ್ತಿಯಿಂದ ಮೊದಲಾಗಿ ಬೆಳ್ಳಿಯ ಕಡಗದ ಕುಸ್ತಿಯಲ್ಲಿ ಮುಗಿಯುವ ಆ ಆಟಕ್ಕೆ ಟಿಕೆಟ್ಟಿಲ್ಲ. ಆದರೂ ಊರಿನ ಹಿರಿಯರು ಬೆಳಗಿನಿಂದಲೇ ನಿಂತು ಹೆಂಟೆ ಒಡೆಸಿ, ಕಲ್ಲು ಆರಿಸಿ, ಜನರು ಕೂರುವ ನೆಲಕ್ಕೆ ನೀರು ಚಿಮುಕಿಸುವರು. ಮುಂದಿನವರು ಕುಕ್ಕುರುಗಾಲಿನಲ್ಲಿ ಕುಳಿತರೆ ಹಿಂದಿನವರಿಗೆ ಕಾಣುವುದೆಂದು ಕೋಲು ಹಿಡಿದು ಸಾಲು ಸರಿಪಡಿಸುವರು. ಬಿಟ್ಟಿಯಾಗಿ ನೋಡುವವನಿಗೆ ಸಲ್ಲುವ ಈ ಆದರದ ಅರ್ಧಾಂಶವೂ ಸಾವಿರಾರು ರೂಪಾಯಿ ಕೊಟ್ಟವನಿಗೆ ಸಲ್ಲದೆಂದರೆ, ಆ ಹಣವನ್ನು ಇಟ್ಟುಕೊಳ್ಳುವ ನೈತಿಕ ಹಕ್ಕು ಸಂಸ್ಥೆಗೆ ಎಲ್ಲಿಯದು?

ವಿರೋಧ

ಪರಪಕ್ಷಕ್ಕೇ ನನ್ನ ಮನಸ್ಸು ಒಲಿದಿದೆಯೆಂಬುದನ್ನು ಬಚ್ಚಿಡಲಾರೆನು. ಆದರೂ ವಿರೋಧಪಕ್ಷದಲ್ಲಿ ಒಂದು ಮಾತಿದೆ, ಅದಕ್ಕೆ ಉತ್ತರವನ್ನು ನಾನಿನ್ನೂ ಹುಡುಕುತ್ತಿದ್ದೇನೆ. ಸಾಮಾನ್ಯವಾಗಿ ಮುಂದೊಡ್ಡುವ ಆಕ್ಷೇಪಗಳನ್ನು ಬೇಗನೆ ದಾಟಿಬಿಡೋಣ. ಹಣ ಮರಳಿಸಿದರೆ ಜಿಲ್ಲೆಗಳ ಬಾಲಕರ ಆಟಕ್ಕೆ ದ್ರವ್ಯ ಸಾಲದೆಂಬ ವಾದವು, ಪ್ರಸಾರದ ಆದಾಯವನ್ನು ಬಲ್ಲವರಿಗೆ ಒಪ್ಪಿಗೆಯಾಗದು. ಅಂಗಳವು ಒಬ್ಬರದು, ಟಿಕೆಟ್ಟು ಮಾರುವವರು ಇನ್ನೊಬ್ಬರು, ಆದುದರಿಂದ ಹೊಣೆ ಯಾರದೆಂಬ ತೊಡಕು ನಿಜವಾದುದೇ. ಆದರೆ ಅದು ಅವರಿಬ್ಬರೇ ಬಿಡಿಸಿಕೊಳ್ಳಬೇಕಾದುದು. ಹೊಸ ಶಾಸನವೇಕೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸೇವೆಯ ನ್ಯೂನತೆಗೆ ಪರಿಹಾರವನ್ನು ಈಗಾಗಲೇ ವಿಧಿಸಿದೆ, ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ಅರ್ಜಿ ಕೊಡಬಹುದಲ್ಲ ಎಂದು ಕೇಳುವವರಿದ್ದಾರೆ. ಹೌದು, ಕೊಡಬಹುದು, ಆದರೆ ಸಂಗಾರೆಡ್ಡಿಯ ಜಿಲ್ಲಾ ಆಯೋಗಕ್ಕೆ ನಾಗಲಗಿದ್ದದಿಂದ ನಾಲ್ಕು ಸಲ ಅಲೆಯುವಷ್ಟರಲ್ಲಿ, ಬಸ್ಸಿನ ಖರ್ಚೂ ಕಳೆದ ಕೂಲಿಯೂ ಸೇರಿ ಟಿಕೆಟ್ಟಿನ ಮೌಲ್ಯವನ್ನು ಮೀರುತ್ತವೆ.

ಗಂಭೀರವಾದ ಮಾತು ಬೇರೆಯೇ ಇದೆ. ಪ್ರೇಕ್ಷಕನ ಘನತೆಯನ್ನು ಅವನು ಕೊಟ್ಟ ಹಣದ ಮೇಲೆ ನಿಲ್ಲಿಸುವುದು ಸರಿಯೇ? 2022ರ ಸೆಪ್ಟೆಂಬರ್ 22ರಂದು ಸಿಕಂದರಾಬಾದಿನ ಜಿಮ್ಖಾನಾ ಮೈದಾನದಲ್ಲಿ, ಭಾರತ ಮತ್ತು ಆಸ್ಟ್ರೇಲಿಯ ಪಂದ್ಯದ ಟಿಕೆಟ್ಟುಗಳಿಗಾಗಿ ನೆರೆದ ಸಹಸ್ರಾರು ಜನರಲ್ಲಿ ನೂಕುನುಗ್ಗಲಾಗಿ ಹಲವರು ಗಾಯಗೊಂಡರು. ಪೋಲೀಸರ ಲಾಠಿಯೂ ಬೀಸಿತು. ಸರದಿಯಲ್ಲಿ ನಿಂತಿದ್ದ ಅವರ ಕೈಗೆ ಟಿಕೆಟ್ಟಿನ್ನೂ ಬಂದಿರಲಿಲ್ಲ. ಮರಳಿಸಲು ಹಣವೇ ಇರಲಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಹನ್ನೊಂದು ಜನ ಕಾಲ್ತುಳಿತಕ್ಕೆ ಸಿಲುಕಿ ಪ್ರಾಣ ಬಿಟ್ಟರು. ಅದು ವಿಜಯೋತ್ಸವ, ಪಂದ್ಯವಲ್ಲ. ಹಣ ಮರಳಿಸುವ ಶಾಸನವು ಆ ಹನ್ನೊಂದು ಮನೆಗಳಿಗೆ ಹೇಳುವುದೇನು? ಒಳಗೆ ಹೋಗಿ ಕುಳಿತವನಿಗೆ ಮಾತ್ರ ಒಲಿಯುವ ನ್ಯಾಯವು ಹೊರಗೆ ನಿಂತವನನ್ನು ಪ್ರೇಕ್ಷಕನೆಂದೇ ಗಣಿಸದು.

ಇನ್ನೂ ಒಂದಿದೆ. ತಪ್ಪಿಗೆ ಬೆಲೆ ಕಟ್ಟಿದೊಡನೆ ಆ ತಪ್ಪು ಕ್ರಯವಸ್ತುವಾಗುತ್ತದೆ. ಮುರಿದ ಇನ್ನೂರು ಕುರ್ಚಿಗಳನ್ನು ದುರಸ್ತಿ ಮಾಡಿಸುವುದಕ್ಕಿಂತ, ದೂರು ತರುವ ಇಪ್ಪತ್ತು ಜನರಿಗೆ ಹಣ ಕೊಟ್ಟು ಕಳುಹಿಸುವುದು ಅಗ್ಗವೆಂದು ಲೆಕ್ಕ ಬರೆಯುವವನಿಗೆ ತೋರಿದರೆ, ಶಾಸನವು ಪಾಲಿತವಾಗಿಯೂ ಕುರ್ಚಿಯು ಮುರಿದೇ ಇರುತ್ತದೆ. ಆದುದರಿಂದ ವಿರೋಧಪಕ್ಷದ ವಿವೇಕಿಗಳು ಹೇಳುವುದು ಹೀಗೆ: ಆಟ ಮುಗಿದ ಮೇಲೆ ಹಣವನ್ನು ಮರಳಿಸುವುದಲ್ಲ, ಆಟಕ್ಕೆ ಮೊದಲು ಆಸನವನ್ನು ಪರೀಕ್ಷಿಸಿ, ಯೋಗ್ಯವಾದವುಗಳಿಗೆ ಮಾತ್ರ ಟಿಕೆಟ್ಟು ಮಾರಲು ಅನುಜ್ಞೆ ನೀಡಬೇಕು; ಪರೀಕ್ಷಿಸಿದ ಅಧಿಕಾರಿಯ ಹೆಸರೂ ಸಹಿಯೂ ಪ್ರತಿಯೊಂದು ಬಾಗಿಲಿನಲ್ಲಿ ತೂಗಬೇಕು. ಇಂಗ್ಲೆಂಡಿನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ 1989ರ ಏಪ್ರಿಲಿನಲ್ಲಿ ನಡೆದ ದುರಂತವು 97 ಜನರನ್ನು ಬಲಿತೆಗೆದುಕೊಂಡ ಮೇಲೆ, ನ್ಯಾಯಮೂರ್ತಿ ಟೇಲರರ ವರದಿಯ ಫಲವಾಗಿ ಅಲ್ಲಿನ ದೊಡ್ಡ ಅಂಗಳಗಳಲ್ಲಿ ನಿಂತು ನೋಡುವ ಕಟ್ಟೆಗಳು ಹೋಗಿ ಪ್ರತಿಯೊಬ್ಬನಿಗೂ ಒಂದು ಆಸನ ಬಂದಿತು. ಅದು ಬಂದುದು ಅನುಜ್ಞಾಪತ್ರದ ಕಟ್ಟುಪಾಡಿನಿಂದ, ಹಣ ಮರಳಿಸುವ ವಾಗ್ದಾನದಿಂದಲ್ಲ.

ಈ ವಾದವನ್ನು ಖಂಡಿಸಲು ನಾನು ಅಣ್ಣನ ಮಗನನ್ನೇ ಸಾಕ್ಷಿಯಾಗಿ ಕರೆಯೋಣವೆಂದುಕೊಂಡು, ಅಂದಿನ ಹಣ ಮರಳಿ ಬಂದಿದ್ದರೆ ನಿನಗೆ ಸಮಾಧಾನವಾಗುತ್ತಿತ್ತೇ ಎಂದು ಕೇಳಿದೆನು. ಅವನು ತುಸು ಹೊತ್ತು ಯೋಚಿಸಿ, ಹಣದ ವಿಷಯ ತನಗೆ ಹೊಳೆದೇ ಇರಲಿಲ್ಲವೆಂದನು. ಎರಡು ದಿನದ ಕೆಲಸ ಬಿಟ್ಟು ಹೋದುದಕ್ಕೂ ಬೇಸರವಿಲ್ಲವಂತೆ. ಕಾಕಾ ನೀವು ಇಡೀ ಆಟ ನಿಂತಿದ್ದಿರಲ್ಲ, ಅದೊಂದೇ ಮನಸ್ಸಿನಲ್ಲಿ ಉಳಿದಿದೆಯೆಂದನು. ಮರುವರ್ಷ ಅವನು ಮತ್ತೆ ಟಿಕೆಟ್ಟು ಕೊಂಡನು. ಹೊರಡುವ ಬೆಳಿಗ್ಗೆ ಅವನ ತಾಯಿ ಬುತ್ತಿಯ ರೊಟ್ಟಿಗಳ ಕೆಳಗೆ, ಮಡಿಸಿದ ಹಳೆಯ ಸೀರೆಯ ಎರಡು ತುಂಡುಗಳನ್ನು ಚೀಲದಲ್ಲಿ ಇಡುತ್ತಿದ್ದಳು.