ಹಾರ್ನ್ ಒತ್ತಿದಷ್ಟೂ ಕೆಂಪು ದೀಪ



ಮೊನ್ನೆ ಕುಂದಾಪುರದಿಂದ ನನ್ನ ಅಮ್ಮ ಮುಂಬಯಿಗೆ ಬಂದಿದ್ದರು. ನಮ್ಮ ಮನೆ ರಸ್ತೆಯ ಬದಿಗೇ ಇದೆ. ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಕೇಳಿದರು: "ಅಲ್ಲ ಮಗಾ, ನೀವೆಲ್ಲ ಯಾಕೆ ಜಗಳ ಆಡಿದ ಹಾಗೆ ಮಾತಾಡುವುದು?"

ಜಗಳವೇನೂ ಇರಲಿಲ್ಲ. ಕಿಟಕಿಯಾಚೆಯ ಹಾರ್ನುಗಳಿಗಿಂತ ದನಿ ಏರಿಸಿ ಮಾತನಾಡುವುದು ನಮಗೆ ರೂಢಿಯಾಗಿಬಿಟ್ಟಿತ್ತು, ಅಷ್ಟೇ.

"ಮುಂಬಯಿ ಎಂದ ಮೇಲೆ ಗದ್ದಲ ಇದ್ದದ್ದೇ" ಎನ್ನುತ್ತೀರಾ? ಆದರೆ ಇದು ಮಳೆಯ ಹಾಗೆ ಮೇಲಿನಿಂದ ಸುರಿದದ್ದಲ್ಲ, ನಾವೇ ಮಾಡಿದ್ದು. ಮಾಡಿದವರು ತಿದ್ದಲೂಬಹುದು. 2020ರ ಜನವರಿ ಕೊನೆಯಲ್ಲಿ ಮುಂಬಯಿ ಪೊಲೀಸರು ತಮ್ಮದೊಂದು ಸ್ವಾರಸ್ಯಕರ ಪ್ರಯೋಗವನ್ನು ಜನರ ಮುಂದಿಟ್ಟರು. ಆಯ್ದ ಕೆಲವು ಸಿಗ್ನಲ್‌ಗಳಿಗೆ ಡೆಸಿಬಲ್ ಮೀಟರ್ ಜೋಡಿಸಿದ್ದರು. ಸದ್ದು 85 ಡೆಸಿಬಲ್ ದಾಟಿತೋ, ಕೆಂಪು ದೀಪದ ಎಣಿಕೆ ಮತ್ತೆ ಮೊದಲಿನಿಂದ! ಹಾರ್ನ್ ಒತ್ತಿದಷ್ಟೂ ಕಾಯಬೇಕು. ದಂಡವಿಲ್ಲ, ಉಪದೇಶವಿಲ್ಲ.

85 ಎಂದರೆ ಎಷ್ಟು ಗೊತ್ತೇ? 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45. ಡೆಸಿಬಲ್ಲಿನ ಲೆಕ್ಕ ಬೇರೆ: 10 ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು, 30 ಏರಿದರೆ ಸಾವಿರ ಪಟ್ಟು! "ನಮಗೆ ಅಭ್ಯಾಸವಾಗಿದೆ" ಎಂದರೂ ಶರೀರ ಒಪ್ಪುವುದಿಲ್ಲ. ನಿದ್ದೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ.

ಹಾಗೆಂದು ಊರೆಲ್ಲ ಮೌನವಾಗಬೇಕೆಂದಲ್ಲ. ಲೋಕಲ್ ಗಾಡಿಯ ಸೂಚನೆ ಕೇಳಿಸಬೇಕು, ತರಕಾರಿಯವನ ಕೂಗೂ ಕೇಳಿಸಬೇಕು. ಬೇಕಾದ ದನಿಗೆ ಜಾಗ ಮಾಡಿಕೊಡುವುದೇ ನಗರದ ಸದ್ದನ್ನು ರೂಪಿಸುವ ಕೆಲಸ.

ಅದು ನಿಮ್ಮಿಂದಲೂ ಆಗುತ್ತದೆ. ಬೈಕಿನ ಸೈಲೆನ್ಸರ್ ಬದಲಿಸಿ ಅಬ್ಬರ ಮಾಡಬೇಡಿ. ನಮ್ಮ ಸಂಘದ ರಾಜ್ಯೋತ್ಸವದಲ್ಲೂ ಧ್ವನಿವರ್ಧಕದ ಮುಖ ಸಭಿಕರ ಕಡೆಗಿರಲಿ, ಬೀದಿಯ ಕಡೆಗೆ ಬೇಡ. ಮನೆಯಲ್ಲಿ ಓದುವ ಮೇಜನ್ನೋ ಹಾಸಿಗೆಯನ್ನೋ ರಸ್ತೆಯ ಕಿಟಕಿಯಿಂದ ಒಳಕೋಣೆಗೆ ಸರಿಸಿ ನೋಡಿ.

ನಾವು ಊಟದ ಮೇಜನ್ನು ಹಾಗೆ ಸರಿಸಿದೆವು. ಅಂದು ರಾತ್ರಿ ಅಮ್ಮ ತಮ್ಮ ಬಾಲ್ಯದ ಕಥೆ ತೆಗೆದರು. ಎಂಬತ್ತು ದಾಟಿದವರ ದನಿ, ಅದನ್ನು ಏರಿಸಲು ಅವರಿಂದಾಗದು. ಮಕ್ಕಳು ಊಟ ಮುಗಿದರೂ ಏಳಲಿಲ್ಲ. ಇಷ್ಟು ವರ್ಷ ಅವರು ಬಂದಾಗಲೆಲ್ಲ "ಅಜ್ಜಿಗೆ ಮಾತು ಕಡಿಮೆ" ಎಂದೇ ಅವರು ತಿಳಿದಿದ್ದರು.

ನಿಮ್ಮ ಮನೆಯ ಅಜ್ಜಿಗೂ ಮಾತು ಕಡಿಮೆಯೇ? ಇಂದು ಕಿಟಕಿ ಮುಚ್ಚಿ, ಟಿ.ವಿ. ಆರಿಸಿ ಒಮ್ಮೆ ಕೇಳಿ ನೋಡಿ.