ಕ್ರೀಡಾಂಗಣಕ್ಕೂ ಜೀರ್ಣೋದ್ಧಾರವುಂಟು

ಮಳೆಗಾಲ ಮುಗಿಯುತ್ತಿದ್ದ ಒಂದು ಬೆಳಗ್ಗೆ ಹಾಸನ ಜಿಲ್ಲೆಯ ಒಂದು ತಾಲ್ಲೂಕು ಮೈದಾನದ ಗ್ಯಾಲರಿಯ ಮೇಲೆ ಅರ್ಧ ಗಂಟೆ ಕುಳಿತಿದ್ದೆ. ಕೆಳಗಿನಿಂದ ಮೂರನೆಯ ಮೆಟ್ಟಿಲಿನ ಅಂಚು ಅಂಗೈಯಗಲ ಕಳಚಿ ಬಿದ್ದು, ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು, ಒಣಗಿದ ತೊಗಟೆಯಂತೆ ಪದರಪದರವಾಗಿ ಎದ್ದಿತ್ತು. ಪಕ್ಕದ ಬಿರುಕಿನಲ್ಲಿ ಗೇಣುದ್ದದ ಅರಳಿಯ ಸಸಿಯೊಂದು ನಾಲ್ಕೆಲೆ ಬಿಟ್ಟಿತ್ತು. ಮೈದಾನದಲ್ಲಿ ಹದಿಮೂರು ಹದಿನಾಲ್ಕರ ಹುಡುಗಿಯೊಬ್ಬಳು ಬರಿಗಾಲಿನಲ್ಲಿ ಸುತ್ತು ಹೊಡೆಯುತ್ತಿದ್ದಳು. ಎರಡನೆಯ ತಿರುವಿನಲ್ಲಿ ನೀರು ನಿಂತಿತ್ತು. ಪ್ರತಿ ಸುತ್ತಿನಲ್ಲಿಯೂ ಅವಳು ಅಲ್ಲಿಗೆ ಬಂದೊಡನೆ ಗತಿಯನ್ನು ತಗ್ಗಿಸಿ, ಹೊರಕ್ಕೆ ಸರಿದು, ಕೆಸರನ್ನು ಬಳಸಿ ಮತ್ತೆ ಒಳಕ್ಕೆ ಬರುತ್ತಿದ್ದಳು. ಬೈಕಿಗೆ ಒರಗಿ ನಿಂತಿದ್ದ ಹಿರಿಯರೊಬ್ಬರು, ಅವಳ ತಂದೆಯೇ ಇರಬೇಕು, "ಇನ್ನೊಂದೇ ಸುತ್ತು ಕಣವ್ವ" ಎಂದು ಕೂಗುತ್ತಿದ್ದರು.

ವಯಸ್ಸಾದ ಕ್ರೀಡಾಂಗಣವನ್ನು ದುರಸ್ತಿಗೊಳಿಸಿ ಉಳಿಸಿಕೊಳ್ಳತಕ್ಕದ್ದೋ, ಕೆಡವಿ ಊರಾಚೆ ಹೊಸದೊಂದನ್ನು ನಿರ್ಮಿಸತಕ್ಕದ್ದೋ ಎಂಬ ಪ್ರಶ್ನೆ ರಾಜಧಾನಿಯೊಂದನ್ನೇ ಅಲ್ಲದೆ ಜಿಲ್ಲಾ ಕೇಂದ್ರಗಳನ್ನೂ ಕಾಡುವ ಕಾಲ ಬಂದಿದೆ. 1974ರಲ್ಲಿ ಮೊದಲ ಟೆಸ್ಟ್ ಪಂದ್ಯವನ್ನು ಕಂಡ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ 2025ರ ಜೂನ್ 4ರಂದು ನೂಕುನುಗ್ಗಲಿನಲ್ಲಿ 11 ಜನ ಅಸುನೀಗಿದ ಮೇಲೆ, ನ್ಯಾಯಮೂರ್ತಿ ಜಾನ್ ಮೈಕಲ್ ಡಿ. ಕುನ್ಹಾ ಅವರ ಆಯೋಗವು ಆ ಸ್ಥಳ ಮಹಾಜನಸಂದಣಿಗೆ ಸುರಕ್ಷಿತವಲ್ಲವೆಂದು ವರದಿ ಕೊಟ್ಟಿತು. ಸರ್ಕಾರವು ಬೊಮ್ಮಸಂದ್ರದ ಸೂರ್ಯನಗರದಲ್ಲಿ 80,000 ಆಸನಗಳ ಹೊಸ ಕ್ರೀಡಾಂಗಣದ ಯೋಜನೆಯನ್ನು ಮುಂದಿಟ್ಟಿತು. ಆ ದಿನ ಪ್ರಾಣಹಾನಿಯಾದದ್ದು ಮುಪ್ಪಾದ ಗೋಡೆ ಕುಸಿದು ಅಲ್ಲ. ಬಂದ ಜನರ ಸಂಖ್ಯೆಗೆ ಒಳಹೊಗುವ ಬಾಗಿಲುಗಳೂ ಅವುಗಳ ಮುಂದಿನ ಬೀದಿಯೂ ಸಾಲದೆ ಹೋದವು. ಈ ಭೇದವನ್ನು ಮನಗಾಣದೆ, ಹಳತೆಲ್ಲ ಅಪಾಯ, ಹೊಸತೆಲ್ಲ ಕ್ಷೇಮ ಎಂದು ನಂಬಿ ನಾವೂ ಹೊರಟೆವಾದರೆ ರೋಗವೊಂದು, ಮದ್ದೊಂದು ಆದೀತು. ಹಾಸನದ ಜಿಲ್ಲಾ ಕ್ರೀಡಾಂಗಣವನ್ನೂ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮೈದಾನಗಳನ್ನೂ ಇದ್ದಲ್ಲಿಯೇ ಉಳಿಸಿ, ತಿದ್ದಿ, ನಡೆಸಿಕೊಂಡು ಹೋಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಜೀರ್ಣೋದ್ಧಾರವೆಂಬ ಮಾತು ಈ ಜಿಲ್ಲೆಯ ಜನಕ್ಕೆ ಅಪರಿಚಿತವಲ್ಲ. ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಇಟ್ಟಿಗೆ, ಗಾರೆ, ಮರಗಳಿಂದ ರಚಿತವಾದ ಶಿಖರವೊಂದಿತ್ತು; ಅದರ ಭಾರವು ಕೆಳಗಿನ ಕಟ್ಟಡಕ್ಕೆ ಕುತ್ತಾಗುವುದೆಂದು ಕಂಡಾಗ, 1879ರಲ್ಲಿ ಅದನ್ನು ಬಿಚ್ಚಿ ಇಳಿಸಿದರು. ಇಳಿಸಿದ್ದು ಶಿಖರವನ್ನು ಮಾತ್ರ. ಕಂಬಗಳೂ ಮದನಿಕೆಯರೂ ನಿತ್ಯಪೂಜೆಯೂ ಇದ್ದಲ್ಲಿಯೇ ಇದ್ದು, 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು ಆ ಶಿಖರವಿಲ್ಲದ ಗುಡಿಯೇ. ಬಿರುಕು ಬಿಟ್ಟ ಗ್ಯಾಲರಿಯ ಮುಂದೆ ನಿಂತ ಎಂಜಿನಿಯರು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ ಅಲ್ಲವೆ: ಇಳಿಸತಕ್ಕ ಭಾರ ಯಾವುದು, ಉಳಿಸತಕ್ಕ ಅಧಿಷ್ಠಾನ ಯಾವುದು?

ಕಾಂಕ್ರೀಟಿಗೆ ಮುಪ್ಪು ಬರುವ ಬಗೆ ನಿಗೂಢವಾದುದಲ್ಲ. ಬಿರುಕಿನೊಳಕ್ಕೆ ಇಳಿದ ನೀರು ಸರಳನ್ನು ಮುಟ್ಟುತ್ತದೆ. ತುಕ್ಕಾದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗವನ್ನು ಬೇಡಿ, ಒಳಗಿನಿಂದ ಒತ್ತಿ, ಮೇಲಿನ ಹೊದಿಕೆಯನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ. ಎದ್ದ ಚಕ್ಕೆಯ ಸಂದಿನಲ್ಲಿ ಇನ್ನಷ್ಟು ನೀರು. ಸುತ್ತಿಗೆಯಿಂದ ಬಡಿದು ನಾದವನ್ನು ಕೇಳಿ, ಅಲ್ಲಲ್ಲಿ ಕೊಳವೆಯಾಕಾರದ ತುಣುಕನ್ನು ಕೊರೆದು ತೆಗೆದು ಪ್ರಯೋಗಶಾಲೆಯಲ್ಲಿ ಒತ್ತಿ ನೋಡಿದರೆ, ಯಾವ ಭಾಗ ಇನ್ನೂ ಗಟ್ಟಿ, ಯಾವುದು ಟೊಳ್ಳು ಎಂಬುದು ತಿಳಿಯುತ್ತದೆ. ಮಲೆನಾಡಿನ ಸೆರಗಿಗೆ ತಾಗಿರುವ ಅರಕಲಗೂಡಿನಲ್ಲಿ ಶತ್ರು ಪಾಚಿ ಮತ್ತು ತೇವ. ಮಳೆ ಕಡಿಮೆಯಾದ ಬಯಲುಸೀಮೆಯ ಚನ್ನರಾಯಪಟ್ಟಣದಲ್ಲಿ ಬಿಸಿಲು ಮತ್ತು ದೂಳು. ಒಂದೇ ನಕ್ಷೆಯನ್ನು ಎರಡೂ ಊರಿಗೆ ಹೊದಿಸುವುದು ಎಲ್ಲಿಯ ನ್ಯಾಯ?

ಹೊಸದೇ ಬೇಕೆನ್ನುವವರ ಮುಖ್ಯವಾದ ವಾದ ಆಸನಗಳ ಸಂಖ್ಯೆ. ಆಗಸ್ಟ್ 15, ನವೆಂಬರ್ 1, ಜನವರಿ 26 ಬಂದಾಗ ಜಿಲ್ಲಾ ಕ್ರೀಡಾಂಗಣದಲ್ಲಿ ಜನ ನೆರೆಯುತ್ತಾರೆ, ನಿಜ. ಆದರೆ ವರ್ಷದಲ್ಲಿ ಕೆಲವೇ ದಿನ ಕೂಡುವ ಜನಕ್ಕಾಗಿ, ಉಳಿದ ದಿನಗಳೆಲ್ಲ ಬರಿದಾಗಿ ಬಿಸಿಲಿಗೆ ಕಾಯುವ ಮಹಾಸೌಧವನ್ನು ಎಬ್ಬಿಸಬೇಕೆ? ಇದಕ್ಕೆ ಉತ್ತರವನ್ನು ಚನ್ನರಾಯಪಟ್ಟಣ ತಾಲ್ಲೂಕೇ ಬಹುಕಾಲದಿಂದ ಕೊಡುತ್ತ ಬಂದಿದೆ. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ 58 ಅಡಿಯ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕ ನಡೆಯುವಾಗ, 1981, 1993, 2006, 2018 ಎಂದು ಸುಮಾರು ಹನ್ನೆರಡು ವರ್ಷಕ್ಕೊಮ್ಮೆ, ಮೂರ್ತಿಯ ಹಿಂದೆ ಅಟ್ಟಣಿಗೆ ಏಳುತ್ತದೆ. ಸಹಸ್ರಾರು ಭಕ್ತರನ್ನು ಹೊರುತ್ತದೆ. ಉತ್ಸವ ಮುಗಿದ ಮೇಲೆ ಬಿಚ್ಚಿದರೆ ಬೆಟ್ಟ ಬೆಟ್ಟವಾಗಿಯೇ ಉಳಿಯುತ್ತದೆ. ವರ್ಷಕ್ಕೊಮ್ಮೆ ಕೆಲವು ದಿನ ಮಾತ್ರ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕೂ ಹಾಸನವು ಸಾಲುಗಳನ್ನು ಕಟ್ಟಿ ಬಿಚ್ಚುತ್ತದೆಯೇ ಹೊರತು ಶಾಶ್ವತವಾಗಿ ಬೀದಿಗಳನ್ನು ಮುಚ್ಚುವುದಿಲ್ಲ. ಇಂಥ ಅನುಭವವುಳ್ಳ ನಾಡು ಹಬ್ಬದ ದಿನದ ಜನಕ್ಕೆ ಬಿಚ್ಚಿಡಬಹುದಾದ ಮೆಟ್ಟಿಲುಸಾಲುಗಳನ್ನು ಏರ್ಪಡಿಸಲಾರದೆ?

ಇದಕ್ಕಿಂತ ಗುರುತರವಾದ ವಿಷಯ ಕಾಲದ್ದು. ಕಟ್ಟಡಕ್ಕೆ ಕಾಯುವ ಶಕ್ತಿಯುಂಟು, ಓಡುವ ಮಗುವಿಗಿಲ್ಲ. ಹೋಬಳಿ ಮಟ್ಟದಲ್ಲಿ ಗೆದ್ದು, ತಾಲ್ಲೂಕಿನಲ್ಲಿ ಗೆದ್ದು, ಹಾಸನದ ಜಿಲ್ಲಾ ಕೂಟಕ್ಕೆ ಬಂದು, ಅಲ್ಲಿಂದ ಮೈಸೂರು ವಿಭಾಗಕ್ಕೆ ಆಯ್ಕೆಯಾಗುವ ಈ ಸೋಪಾನವನ್ನು ಏರಲು ಶಾಲೆಯ ಮಕ್ಕಳಿಗೆ ದೊರೆಯುವುದು ಏಳೆಂಟು ವರ್ಷ. ಕೆಡವಿದ ಅಂಗಣ ಮತ್ತೆ ಏಳುವಷ್ಟರಲ್ಲಿ ನಾಲ್ಕು ವರ್ಷ ಕಳೆದರೆ, ಹನ್ನೆರಡರಲ್ಲಿ ಓಡಲಾರಂಭಿಸಿದವಳು ಹದಿನಾರಕ್ಕೆ ಮುಟ್ಟಿ, ಓಟವನ್ನು ಬಿಟ್ಟು, ಪಿಯುಸಿ ಪುಸ್ತಕವನ್ನು ಹಿಡಿದಿರುತ್ತಾಳೆ. ಆ ವರ್ಷಗಳನ್ನು ಯಾವ ಉದ್ಘಾಟನಾ ಸಮಾರಂಭವೂ ಅವಳಿಗೆ ಹಿಂತಿರುಗಿಸಲಾರದು.

ಊರಾಚೆ ಎಂಬ ಮಾತಿನ ಅರ್ಥವನ್ನೂ ಬಿಡಿಸಿ ನೋಡಬೇಕು. ಹೊಳೆನರಸೀಪುರದ ಹುಡುಗ ಮೈಸೂರಿನ ಕಡೆಯಿಂದ ಬರುವ ರೈಲು ಹತ್ತಿ ಹಾಸನದಲ್ಲಿ ಇಳಿಯಬಲ್ಲ. ಅರಕಲಗೂಡಿನವಳಿಗೆ ರೈಲಿಲ್ಲ, ಬಸ್ಸೇ ಗತಿ. ಊರೊಳಗಿನ ಅಂಗಣವಾದರೆ ಇಳಿದವರು ಸ್ವಲ್ಪದರಲ್ಲಿಯೇ ಸೇರಬಹುದು. ಹೆದ್ದಾರಿಯ ಆಚೆ ಅದನ್ನು ಕಟ್ಟಿದರೆ ಇನ್ನೊಂದು ಬಸ್ಸು, ಇಲ್ಲವೆ ಆಟೋ, ಸಂಜೆ ಮರಳಿ ಬರುವ ಆತಂಕ. ಈ ಆತಂಕದ ಮೊದಲ ಪರಿಣಾಮವಾಗಿ ಹೆಣ್ಣುಮಕ್ಕಳ ಅಭ್ಯಾಸ ನಿಲ್ಲುತ್ತದೆಂಬುದನ್ನು ಯಾವ ದೈಹಿಕ ಶಿಕ್ಷಕರನ್ನು ಕೇಳಿದರೂ ಹೇಳಿಯಾರು. ಅಷ್ಟು ವಿಶಾಲವಾದ ಸಮತಟ್ಟು ನೆಲವಾದರೂ ಎಲ್ಲಿಂದ ಬರಬೇಕು? ಒಂದೋ ಗೋಮಾಳ, ಇಲ್ಲವೆ ಕೆರೆಯಂಗಳ. ಬೆಂಗಳೂರಿನ ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಕರಗದ ವಿಧಿಗಾಗಿ ಉಳಿದ ಸಣ್ಣ ಕೊಳವೊಂದೇ ಆ ಕೆರೆಯ ಕುರುಹು.

ಹಳತನ್ನು ತಿದ್ದಿಕೊಂಡು ಬಾಳುವುದು ಬಡವರ ಉಪಾಯವೆಂದು ಯಾರಾದರೂ ಹೇಳುವುದಾದರೆ, ಸಂಪದ್ಭರಿತವಾದ ಅಮೆರಿಕದ ಬಾಸ್ಟನ್ ನಗರದತ್ತ ನೋಡಬಹುದು. ಅಲ್ಲಿಯ ಫೆನ್‌ವೇ ಪಾರ್ಕ್ ಎಂಬ ಬೇಸ್‌ಬಾಲ್ ಕ್ರೀಡಾಂಗಣ 1912ರದು. 1999ರಲ್ಲಿ ಅದರ ಒಡೆಯರು ಪಕ್ಕದಲ್ಲಿಯೇ ಹೊಸದನ್ನು ಕಟ್ಟುವುದಾಗಿ ಸಾರಿದಾಗ ನಾಗರಿಕರು ಸಂಘ ಕಟ್ಟಿ ವಿರೋಧಿಸಿದರು. 2002ರಲ್ಲಿ ಬಂದ ಹೊಸ ಒಡೆಯರು ಕೆಡವುವ ಮಾತನ್ನು ಕೈಬಿಟ್ಟು, ಆಟವಿಲ್ಲದ ಚಳಿಗಾಲಗಳಲ್ಲಿ ವರ್ಷಕ್ಕಿಷ್ಟೆಂದು ಸುಮಾರು ಹತ್ತು ವರ್ಷ ದುರಸ್ತಿ ಮಾಡಿದರು. ಆಟ ಒಂದು ಋತುವಿಗೂ ನಿಲ್ಲಲಿಲ್ಲ. ಅಲ್ಲಿ ಚಳಿಗಾಲವಾದರೆ, ನಮ್ಮಲ್ಲಿ ಮಕ್ಕಳು ಪರೀಕ್ಷೆಗೆ ಕುಳಿತಿರುವ ಮಾರ್ಚ್ ತಿಂಗಳಿದೆ, ರಜೆಯ ಏಪ್ರಿಲ್ ಇದೆ.

ಪರೀಕ್ಷೆಯಲ್ಲಿ ಒಂದು ಗ್ಯಾಲರಿ ಉಳಿಯಲಾರದೆಂದು ಸಿದ್ಧವಾದರೆ ಅದನ್ನು ಕೆಡವಲೇಬೇಕು. ಜನರ ತಲೆಯ ಮೇಲೆ ಶಿಥಿಲವಾದ ಸೂರನ್ನು ಭಾವುಕತೆಯಿಂದ ಉಳಿಸಿಕೊಳ್ಳುವುದು ಪಾಪ. ಆಗಲೂ ಅದರ ಜಾಗದಲ್ಲಿ ಮಣ್ಣಿನ ದಿಬ್ಬವನ್ನೇರಿಸಿ, ಕಲ್ಲಿನ ಮೆಟ್ಟಿಲು ಹಾಸಿ, ಮೇಲೆ ಹೊಂಗೆಯ ಸಾಲು ನೆಟ್ಟರೆ ಸಾಕು. ಅಂಗಣ ಅಲ್ಲಿಂದ ಕದಲಬೇಕಾಗಿಲ್ಲ. ಹಣ ಬಂದಾಗ ಮೊದಲು ಹೆಣ್ಣುಮಕ್ಕಳು ಬಟ್ಟೆ ಬದಲಿಸುವ ಕೊಠಡಿ, ಬೀಗ ಬೀಳದ ಶೌಚಾಲಯ, ಕುಡಿಯುವ ನೀರು. ಆಮೇಲೆ ಓಟದ ಪಥ. ಸ್ವಾಗತ ಕಮಾನು ಎಲ್ಲಕ್ಕೂ ಕೊನೆಗೆ.

ಆ ದಿನ ಹುಡುಗಿ ಹೊರಟುಹೋದ ಮೇಲೆ ನಾನು ಎರಡನೆಯ ತಿರುವಿನವರೆಗೆ ಇಳಿದು ಹೋಗಿ ನೋಡಿದೆ. ಪಥದ ಅಂಚಿನಲ್ಲಿ ಹಿಂದಿನವರು ಕಟ್ಟಿದ ಕಲ್ಲುಚರಂಡಿ ಹಾಗೆಯೇ ಇತ್ತು. ಅದರ ಬಾಯಿಗೆ ಹೂಳು, ಎಲೆ, ಎರಡು ಮೂರು ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿದ್ದವು. ಗುದ್ದಲಿ ಹಿಡಿದ ಇಬ್ಬರಿಗೆ ಅದು ಎರಡು ದಿನದ ಕೆಲಸ.